ಮಶೀನಿನ ಕಣ್ಣಿಗಿಟ್ಟ ಬೊಟ್ಟು

ಹೊರಡುವ ಮುಂಚೆ

ಯಾರಿಗೂ ಏನೂ ಆಗದ ಹಾಗೆ ನೋಡಿಕೊಳ್ಳುವುದೇ ನನ್ನ ಮೊಮ್ಮಗಳು ಸಿಂಚನಳ ಕೆಲಸ. ಅದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನಮ್ಮ ಮಲ್ಲಂದೂರಿನ ಕಡೆ ನಂಬುವವರಿಲ್ಲ. ಜರ್ಮನಿಯ ಹ್ಯಾಂಬರ್ಗ್ ಎಂಬ ಊರಿನಲ್ಲಿ ಒಂದು ಕಾಫಿ ಕಂಪನಿ. ಹಡಗಿನಲ್ಲಿ ಬಂದ ಚೀಲ ಇಳಿಸಿ, ಬೀಜ ಹುರಿದು, ಪೊಟ್ಟಣ ಕಟ್ಟುತ್ತಾರೆ. ಅಲ್ಲಿ ಯಾರ ಬೆರಳೂ ಮಶೀನಿಗೆ ಸಿಗಬಾರದು, ಯಾರ ಎದೆಗೂ ದೂಳು ಸೇರಬಾರದು, ತೊಳೆದ ನೀರು ಹಾಗೇ ಹೊಳೆಗೆ ಹೋಗಬಾರದು. ಅದನ್ನೆಲ್ಲ ನೋಡುವವಳು ಇವಳು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅವಳ ಹುದ್ದೆಯ ಹೆಸರು ಉದ್ದ ಇದೆ, ನನ್ನ ಬಾಯಿಗೆ ಬರುವುದಿಲ್ಲ. ಕೇಳಿದವರಿಗೆ ‘ಜೀವ ಕಾಯುವ ಕೆಲಸ’ ಎನ್ನುತ್ತೇನೆ. ಹಾಗೆ ಹೇಳಿದಾಗಲೆಲ್ಲ ಹಬ್ಬದೂಟ ಮಾಡಿ ಎದ್ದಷ್ಟು ಸಂತೋಷವಾಗುತ್ತದೆ.

ಅವಳು ಈ ದಾರಿ ಹಿಡಿಯಲು ಕಾರಣ ನಮ್ಮ ತೋಟದ ಚಂದ್ರಣ್ಣ. ಅವನೇನೂ ಹೇಳಿಕೊಟ್ಟದ್ದಲ್ಲ. ರಜೆಗೆ ಬಂದಿದ್ದ ಮಗು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ಬುಡದಲ್ಲಿ ಉದುರಿದ ಕಾಳುಮೆಣಸು ಹೆಕ್ಕುತ್ತಿತ್ತು. ಮೇಲೆ ಮೆಣಸು ಕೊಯ್ಯುತ್ತಿದ್ದ ಚಂದ್ರಣ್ಣನ ಏಣಿ ಜಾರಿ ಅವನು ಅವಳ ಮುಂದೆಯೇ ಬಿದ್ದ. ಮುರಿದ ಕಾಲಿನ ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅಂದಿನಿಂದ ಅವನು ಏಣಿ ಹತ್ತಿಲ್ಲ. ಕಾಫಿ ಒಣಗಿಸುವ ಕಣ ನೋಡಿಕೊಂಡು, ಕೋಳಿಗಳನ್ನು ಬೈದುಕೊಂಡು ಇದ್ದಾನೆ. ಸಿಂಚನ ಮಾತ್ರ ‘ಏಣಿ ಯಾಕೆ ಜಾರ್ತು ಅಜ್ಜಿ?’ ಎಂದು ವರ್ಷಗಟ್ಟಲೆ ಕೇಳಿದಳು. ‘ಅವನ ಗ್ರಹಚಾರ’ ಎಂದರೆ ಒಪ್ಪುತ್ತಿರಲಿಲ್ಲ.

ಹೋದ ಬೇಸಿಗೆ ಅವಳ ಫೋನು ಬಂತು. ಕಂಪನಿಯವರು ತಾವು ಕಾಫಿ ಕೊಳ್ಳುವ ನಮ್ಮ ಬೆಟ್ಟಗಳಿಗೆ ಒಬ್ಬರನ್ನು ಎರಡು ವರ್ಷದ ಮಟ್ಟಿಗೆ ಕಳಿಸುತ್ತಾರಂತೆ. ಏಣಿ, ಔಷಧಿ ಹೊಡೆಯುವುದು, ಕಾಫಿ ಹಣ್ಣಿನ ಸಿಪ್ಪೆ ಸುಲಿದು ಹಳ್ಳಕ್ಕೆ ಬಿಡುವ ಪಲ್ಪರ್ ನೀರು, ಇದೆಲ್ಲ ಸರಿಮಾಡಲು. ತೋಟದ ಕೆಲಸದವರು ಚೆನ್ನಾಗಿದ್ದರೆ ತಾನೇ ಕಂಪನಿಯೂ ಬಹಳ ಕಾಲ ಬಾಳುವುದು ಎಂಬ ಲೆಕ್ಕ. ಆಫೀಸು ಚಿಕ್ಕಮಗಳೂರಿನಲ್ಲಿ. ಅರ್ಜಿ ಹಾಕಿದವರಲ್ಲಿ ಸಿಂಚನಳ ಹೆಸರೇ ಮುಂದಿತ್ತು.

“ಅಲ್ಲಿಗೆ ಬರೋಕೆ ಮುಂಚೆ ನೀನೊಂದ್ಸಲ ಇಲ್ಲಿಗೆ ಬಂದು ನೋಡು ಅಜ್ಜಿ. ಆಮೇಲೆ ನಾನು ಇಲ್ಲಿರಲ್ಲ” ಎಂದಳು.

ಅವಳು ಭಾನುವಾರ ಭಾನುವಾರ ನಮ್ಮ ಮನೆಯಲ್ಲಿ ಕಡುಬು ತಿನ್ನುವುದು ನನಗೆ ಆಗಲೇ ಕಾಣುತ್ತಿತ್ತು. ನಮ್ಮ ಯಜಮಾನರಿಗೆ ಮಂಡಿನೋವು, ಬರಲಾರೆ ಎಂದರು. ನಾನು ಕೇಳಿದವರಿಗೆ, ಕೇಳದವರಿಗೆ, ಜೀಪಿನ ಡ್ರೈವರಿಗೆ, ಎಲ್ಲರಿಗೂ ಹೇಳಿಬಿಟ್ಟೆ.

ಹೊರಡುವ ದಿನ ಚಂದ್ರಣ್ಣ ಕುಂಟಿಕೊಂಡು ಬಂದ. ಮೆಣಸು ಕೊಯ್ಲು ಶುರುಮಾಡುವ ದಿನ ಏಣಿಗಳನ್ನು ಕಣದಲ್ಲಿ ಮಲಗಿಸಿ ಪೂಜೆ ಮಾಡುವುದು ನಮ್ಮ ತೋಟದಲ್ಲಿ ನಡೆದುಬಂದ ಪದ್ಧತಿ. ಆ ಪೂಜೆಯ ಕುಂಕುಮ ಒಂದು ಪುಟ್ಟ ಡಬ್ಬಿಯಲ್ಲಿ ತಂದಿದ್ದ.

“ಅಲ್ಲಿ ಮಶೀನಿಗೆ ಒಂದು ಬೊಟ್ಟು ಇಟ್ಟು ಬನ್ನಿ ಅಮ್ಮ. ಪುಟ್ಟಮ್ಮ ದಿನಾ ಅದ್ರ ಮುಂದೇನೇ ಓಡಾಡ್ತಾರಲ್ಲ.”

“ನಿನ್ನ ಏಣಿಗೆ ಇಟ್ಟಿದ್ದು ಏನು ಉಪಯೋಗಕ್ಕೆ ಬಂತು ಮಾರಾಯ?”

“ಜೀವ ಉಳೀತಲ್ಲ ಅಮ್ಮ. ಇಲ್ದಿದ್ರೆ ನಿಮ್ಮ ಕೋಳಿ ಕಾಯೋರು ಯಾರು?”

ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ವಿಮಾನ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಡಬ್ಬಿ ತೆಗೆಸಿ, ಮುಚ್ಚಳ ಬಿಚ್ಚಿ ಮೂಸಿದಳು. ಮೂಸಿದ್ದೇ ಸೀನು ಬಂತು. ಮೂಗಿನ ತುದಿ ಕೆಂಪಾಯಿತು. “ಒಳ್ಳೇದಾಗ್ಲಿ ಕಣಮ್ಮ” ಎಂದೆ. ನಕ್ಕು ಬಿಟ್ಟಳು.

ವಿಮಾನದ ವಿಷಯ ಹೇಳುವುದೇನಿಲ್ಲ. ನಮ್ಮ ಕಡೆಯ ದೇವರಮನೆ ಗುಡ್ಡದ ಮೇಲೆ ನಿಂತರೆ ಮೋಡ ಕಾಲ ಕೆಳಗೆ ಹೋಗುತ್ತದೆ. ಇಲ್ಲೂ ಹಾಗೆಯೇ, ಗಾಳಿ ಮಾತ್ರ ಮುಖಕ್ಕೆ ಬಡಿಯುವುದಿಲ್ಲ. ಒಂದು ವಿಷಯ ಗಮನಿಸಿದೆ. ಬೆಲ್ಟು ಕಟ್ಟಿಕೊಳ್ಳುವುದು ಹೇಗೆ, ಬೆಂಕಿ ಬಿದ್ದರೆ ಬಾಗಿಲು ಯಾವುದು ಎಂದು ಒಬ್ಬ ಹೆಂಗಸು ನಿಂತು ತೋರಿಸುತ್ತಾಳೆ. ಯಾರೂ ನೋಡುವುದಿಲ್ಲ. ನಾನೊಬ್ಬಳೇ ಕಣ್ಣು ಮಿಟುಕಿಸದೆ ನೋಡಿದೆ. ನನ್ನ ಮೊಮ್ಮಗಳದೂ ಇದೇ ಕೆಲಸವಲ್ಲವೇ. ತೋರಿಸಿ ಮುಗಿಸಿದ ಮೇಲೆ ಆ ತಾಯಿಗೆ ಕೈ ಮುಗಿದೆ.

ಕೆಂಪು ಮನುಷ್ಯ

ಹ್ಯಾಂಬರ್ಗಿನಲ್ಲಿ ಆ ದಿನಗಳಲ್ಲಿ ರಾತ್ರಿಯೂಟದ ಹೊತ್ತಿಗೂ ಬಿಸಿಲಿರುತ್ತದೆ. ಕೋಳಿ ಸಾಕಿದವರು ಅವನ್ನು ಗೂಡಿಗೆ ಹೇಗೆ ಕೂಡುತ್ತಾರೋ ಎಂದು ಯೋಚಿಸಿದೆ, ಕೋಳಿಯೇ ಕಾಣಲಿಲ್ಲ. ಗಾಳಿ ತಿರುಗಿದರೆ ಹುರಿದ ಕಾಫಿಯ ಘಮ ಸಿಂಚನಳ ಮನೆಯ ತನಕ ಬರುತ್ತಿತ್ತು. ಅದೊಂದರಿಂದಲೇ ನನಗೆ ಊರು ಹಿಡಿಸಿತು. ಕಾಫಿ ಕುಡಿದರೆ ಮಾತ್ರ ಬೇಜಾರು; ಲೋಟ ದೊಡ್ಡದು, ಡಿಕಾಕ್ಷನ್ ತೆಳ್ಳಗೆ, ತಳ ಕಾಣುತ್ತದೆ.

ಮೊದಲ ದಿನವೇ ಒಂದು ಎಡವಟ್ಟು ಮಾಡಿದೆ. ಸಿಂಚನಳ ಜೊತೆ ಅಂಗಡಿಗೆ ಹೊರಟಿದ್ದೆ. ರಸ್ತೆಯಲ್ಲಿ ಒಂದು ವಾಹನವಿಲ್ಲ. ಎದುರಿನ ಕಂಬದಲ್ಲಿ ಕೆಂಪು ಮನುಷ್ಯನ ಬೊಂಬೆ ಉರಿಯುತ್ತಿತ್ತು. ಜನ ಸುಮ್ಮನೆ ನಿಂತಿದ್ದರು, ಯಾರದೋ ದಿಬ್ಬಣ ಎದುರುಗೊಳ್ಳಲು ನಿಂತ ಹಾಗೆ. ನನಗೆ ತಡೆಯಲಿಲ್ಲ. ನೆರಿಗೆ ಎತ್ತಿ ಹಿಡಿದು ದಾಟಿಬಿಟ್ಟೆ. ಹಿಂದಿನಿಂದ ನನ್ನ ವಯಸ್ಸಿನ ಅಜ್ಜಿಯೊಬ್ಬರು ಏನೋ ಕೂಗಿದರು. ಬೊಂಬೆ ಹಸಿರಾದ ಮೇಲೆ ಸಿಂಚನ ಬಂದಳು.

“ಏನಂತೆ ಅವರದ್ದು?”

“ಮಕ್ಕಳು ನೋಡ್ತಾ ಇದಾರೆ ಅಂದ್ರು.”

ತಿರುಗಿ ನೋಡಿದರೆ, ಅಮ್ಮನ ಕೈ ಹಿಡಿದ ಒಂದು ಪುಟ್ಟ ಹುಡುಗಿ ನನ್ನನ್ನೇ ಬೆರಗಿನಿಂದ ನೋಡುತ್ತಿದ್ದಳು. ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಓಡುವ ಬಸ್ಸಿಗೆ ಜೋತು ಬೀಳುವವರನ್ನೂ ಮಕ್ಕಳು ನೋಡುತ್ತಾರೆ, ನಾವು ಯಾರಾದರೂ ಹೀಗೆ ಕೂಗಿದ್ದುಂಟೇ? ಅಂದಿನಿಂದ ಕೆಂಪು ಮನುಷ್ಯನಿಗೆ ಮರ್ಯಾದೆ ಕೊಟ್ಟೆ. ರಸ್ತೆಯಲ್ಲಿ ಮರ್ಯಾದೆ ಕಲಿತವಳಿಗೆ ಕಾರ್ಖಾನೆಯಲ್ಲಿ ಯಾಕೆ ಮರೆತುಹೋಯಿತೋ ತಿಳಿಯದು.

ಕಾರ್ಖಾನೆಯ ಬಾಗಿಲು

ವರ್ಷಕ್ಕೊಂದು ದಿನ ಕೆಲಸದವರ ಮನೆಯವರನ್ನು ಒಳಗೆ ಬಿಡುತ್ತಾರೆ. ಸಿಂಚನಳ ಮನೆಯವಳೆಂದು ನಾನು ಹೋದೆ. ಬಾಗಿಲಲ್ಲಿ ಯೆನ್ಸ್ ಎಂಬವರು ನಿಂತಿದ್ದರು. ಚೀಲ ಇಳಿಸುವ ಭಾಗಕ್ಕೆ ಅವರೇ ಮೇಲ್ವಿಚಾರಕರು. ನಮ್ಮಲ್ಲಾದರೆ ರೈಟರು ಎನ್ನಬಹುದು. ಬೆಟ್ಟಕ್ಕೆ ಬರಲು ಅರ್ಜಿ ಹಾಕಿದ್ದವರಲ್ಲಿ ಅವರೂ ಒಬ್ಬರು. ಆದರೂ ಸಿಂಚನಳ ಜೊತೆ ಅಣ್ಣನ ಹಾಗಿದ್ದರು.

ಒಳಗೆ ಹೋಗುವವರು ಮುಂದುಗಡೆ ಕಬ್ಬಿಣ ಇರುವ ಬೂಟು ಹಾಕಬೇಕು. ಸೀರೆ, ಕೆಳಗೆ ಬೂಟು, ಮೇಲೆ ಹೆಲ್ಮೆಟ್ಟು. ನನ್ನ ತುರುಬಿನ ಮೇಲೆ ಹೆಲ್ಮೆಟ್ಟು ಕೂರದೆ ಕುಕ್ಕರಿನ ಮುಚ್ಚಳದ ಹಾಗೆ ಎದ್ದು ನಿಂತಿತ್ತು. ತುರುಬು ಬಿಚ್ಚಿ ಜಡೆ ಹಾಕಿದ್ದಾಯಿತು. ಬೂಟಿನ ದಾರ ಕಟ್ಟಲು ಬಾರದೆ ನಾನು ಒದ್ದಾಡುವಾಗ ಯೆನ್ಸ್ ಮಂಡಿಯೂರಿ ಕೂತು ಕಟ್ಟತೊಡಗಿದರು. ಅಷ್ಟೆತ್ತರದ ಗಂಡಸು ಕಾಲು ಮುಟ್ಟಿದರೆ ನಾನೇನು ಮಾಡಲಿ? ಅಭ್ಯಾಸಬಲದಿಂದ ಅವರ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು, “ಮದುವೆಯಾಗಿ ಸುಖವಾಗಿರಪ್ಪ” ಎಂದೆ.

ಸಿಂಚನ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. “ಆಗ್ಲೇ ಆಗಿದೆಯಂತೆ ಅಜ್ಜಿ. ಸುಖ ಮಾತ್ರ ಇರ್ಲಿ ಅಂತಾರೆ.”

ಇನ್ನೊಂದು ನಿಯಮವಿತ್ತು. ಮೈಮೇಲೆ ಬಳೆ, ಸರ, ಕಿಸೆಯಲ್ಲಿ ಸಾಮಾನು, ಏನೂ ಇರಬಾರದು. ಬೀಜದೊಳಗೆ ಬೀಳಬಹುದು, ಮಶೀನಿಗೆ ಸಿಕ್ಕಿಕೊಳ್ಳಬಹುದು. ಬಳೆ ಎಂದ ಕೂಡಲೇ ನನ್ನ ಮುಖ ಸಣ್ಣದಾಯಿತು. ಯಜಮಾನರು ಊರಲ್ಲಿ ಗುಂಡುಕಲ್ಲಿನ ಹಾಗಿರುವಾಗ ಬಳೆ ತೆಗೆಯುವುದೇ? ಸಿಂಚನ ಬಳೆಗಳ ಮೇಲೆ ಅಂಟುಪಟ್ಟಿ ಸುತ್ತಿದಳು, ತಾಳಿಯನ್ನು ರವಿಕೆಯೊಳಗೆ ಸೇರಿಸಿ ಮೇಲಿನಿಂದ ಅವರೇ ಕೊಟ್ಟ ಉದ್ದ ಅಂಗಿಯ ಗುಂಡಿ ಹಾಕಿದಳು. ಅಷ್ಟರವರೆಗೆ ಅಲ್ಲಿಯೂ ಅವಕಾಶವಿತ್ತಂತೆ. ಆಗ ಸೊಂಟದ ಡಬ್ಬಿ ಅವಳ ಕಣ್ಣಿಗೆ ಬಿತ್ತು.

“ಅಜ್ಜಿ, ಅದು…”

“ಇದು ದೇವರದ್ದು ಮಾರಾಯ್ತಿ.”

ಅವಳ ಕೈ ಡಬ್ಬಿಯ ತನಕ ಬಂದು ನಿಂತಿತು. ಬೇಡ ಎಂಬುದು ತುಟಿಯವರೆಗೆ ಬಂದಿದ್ದು ನನಗೆ ಕಂಡಿತ್ತು. ಹಿಂದೆ ಜನ ಕಾಯುತ್ತಿದ್ದರು. ಅವಳು ನನ್ನ ಮುಖ ನೋಡಿದಳು, ಅಂಗಿಯ ಅಂಚು ಕೆಳಗೆಳೆದು ಡಬ್ಬಿ ಮುಚ್ಚಿದಳು.

ಆಗ ಅವಳು ಗದರಿದ್ದರೆ ನಾನು ಕೊಟ್ಟೇ ಬಿಡುತ್ತಿದ್ದೆ. ಇದನ್ನು ಎಷ್ಟು ಸಲ ಅಂದುಕೊಂಡಿದ್ದೇನೋ.

ಚೀಲಗಳ ಮನೆ

ಒಳಗೆ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಗೆರೆಯ ಈಚೆ ಮನುಷ್ಯರು, ಆಚೆ ಮಶೀನು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಲೇಬೇಕು. ನಾನು ಸೀರೆ ಹಿಡಿದು ಇಳಿಯಹೋದರೆ ಯೆನ್ಸ್ ಮಾತು ನಿಲ್ಲಿಸಿ ಕಂಬಿಯನ್ನು ಬೆರಳಿಂದ ತಟ್ಟಿದರು. ಹಿಡಿದ ಮೇಲೆಯೇ ಮುಂದಿನ ಮಾತು. ತೊಳೆದ ನೀರನ್ನು ತೊಟ್ಟಿಯಿಂದ ತೊಟ್ಟಿಗೆ ಹಾಯಿಸಿ ತಿಳಿಯಾಗಿಸಿ ಬಿಡುತ್ತಿದ್ದರು. ನಮ್ಮಲ್ಲಿ ಪಲ್ಪಿಂಗ್ ದಿನಗಳಲ್ಲಿ ಹಳ್ಳದ ಹತ್ತಿರ ಹೋದವರು ಮೂಗಿಗೆ ಸೆರಗು ಹಿಡಿಯಬೇಕು, ದನ ಆ ನೀರು ಮುಟ್ಟುವುದಿಲ್ಲ. ‘ನಾನು ಬಂದ್ಮೇಲೆ ಮೊದ್ಲು ಅದೇ ಕೆಲಸ’ ಎಂದಳು ಸಿಂಚನ. ‘ನಾನು ಬಂದ್ಮೇಲೆ’ ಎಂಬ ಅವಳ ಮಾತು ಎಷ್ಟು ಸಲ ಕೇಳಿದರೂ ನನಗೆ ಸಾಕಾಗುತ್ತಿರಲಿಲ್ಲ.

ಗೋದಾಮಿನಲ್ಲಿ ಗೋಣಿಚೀಲಗಳ ರಾಶಿ. ಒಂದರ ಮೇಲೆ ನಮ್ಮ ದೇಶದ ಹೆಸರಿದೆ ಎಂದು ಸಿಂಚನ ಓದಿ ಹೇಳಿದಳು. ಚೀಲಕ್ಕೆ ಕೆನ್ನೆ ಇಟ್ಟೆ. ಅದೇ ಗೋಣಿಯ ವಾಸನೆ. ನೆಂಟರ ಮನೆಯ ಮದುವೆಯಲ್ಲಿ ಅಕಸ್ಮಾತ್ ತವರಿನವರು ಸಿಕ್ಕಂತಾಯಿತು.

ಅದರಾಚೆ ಆ ಮಶೀನು. ಕೆಂಬಣ್ಣದ ದೊಡ್ಡ ಕೈ, ಮೇಲೆ ಕೆಳಗೆ ಆಡುತ್ತ ಚೀಲ ಎತ್ತಿ ಜೋಡಿಸುತ್ತಿತ್ತು. ಸೊಂಟ ನೋಯಿಸಿಕೊಳ್ಳುವ ಕೆಲಸ ಈಗ ಮನುಷ್ಯರಿಗಿಲ್ಲ. ಅದರ ಬುಡದಲ್ಲಿ ಒಂದು ಹಳದಿ ಪೆಟ್ಟಿಗೆ, ಪೆಟ್ಟಿಗೆಗೆ ಕಪ್ಪು ಗಾಜು.

“ಅದೇ ಅದ್ರ ಕಣ್ಣು ಅಜ್ಜಿ. ಯಾರಾದ್ರೂ ಹತ್ರ ಬಂದ್ರೆ ನೋಡಿ ಕೈನ ನಿಲ್ಲಿಸಿಬಿಡುತ್ತೆ. ಇದನ್ನ ತರಿಸೋಕೆ ನಾನು ಎಷ್ಟು ಜಗಳ ಆಡಿದೀನಿ ಗೊತ್ತಾ?”

ನನ್ನ ಮೊಮ್ಮಗಳು ಜಗಳವಾಡಿ ತರಿಸಿದ ಕಣ್ಣು. ಎಷ್ಟು ಮಕ್ಕಳ ಮೈಕೈ ಕಾಯುವ ಕಣ್ಣು. ನನ್ನ ಎದೆ ಉಬ್ಬಿ ಬಂತು. ಅಷ್ಟರಲ್ಲಿ ಕೆಲಸದವರಿಗೆ ಬಿಡುವಿನ ಹೊತ್ತಾಗಿ ಮಶೀನು ನಿಲ್ಲಿಸಿದರು. ಸಿಂಚನ ಅತ್ತ ತಿರುಗಿ ಯೆನ್ಸ್ ಜೊತೆ ಏನೋ ಮಾತಾಡುತ್ತಿದ್ದಳು. ಚಂದ್ರಣ್ಣನ ಮಾತು ನೆನಪಾಯಿತು. ಹಳದಿ ಗೆರೆ ದಾಟಿದೆ. ಬಗ್ಗಿ, ಕೈಯ ಬುಡಕ್ಕೊಂದು ಬೊಟ್ಟಿಟ್ಟೆ. ಕಣ್ಣಿಗೂ ಇಡದಿದ್ದರೆ ಹೇಗೆ? ಗಾಜಿನ ನಟ್ಟನಡುವೆ, ಬೆರಳನ್ನು ಸ್ವಲ್ಪ ಒದ್ದೆ ಮಾಡಿಕೊಂಡು, ಚೆನ್ನಾಗಿ ಒತ್ತಿ ಇನ್ನೊಂದು ಬೊಟ್ಟಿಟ್ಟು ಕೈಮುಗಿದು ಈಚೆ ಬಂದೆ.

ಬಿಡುವು ಮುಗಿದು ಮಶೀನು ಶುರುಮಾಡಲು ಹೋದರೆ ಕೈ ಅಲುಗಲಿಲ್ಲ. ಮೇಲೆ ಕೆಂಪು ದೀಪ ತಿರುಗತೊಡಗಿತು. ಎಲ್ಲರನ್ನೂ ಹೊರಗೆ ನಿಲ್ಲಿಸಿದರು. ಯೆನ್ಸ್ ಬಗ್ಗಿ ನೋಡಿದರು, ಬೆರಳ ತುದಿಯಲ್ಲಿ ಕುಂಕುಮ ತೆಗೆದು ಬೆಳಕಿಗೆ ಹಿಡಿದರು. ಆಮೇಲೆ ನನ್ನ ಹಣೆ ನೋಡಿದರು.

ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಮೆತ್ತಗೆ ಒಂದು ಮಾತು ಕೇಳಿದರು; ಸಿಂಚನ ಅದನ್ನು ನನಗೆ ಹೇಳಿದಳು. “ನೀನು ಗೆರೆ ದಾಟಿ ಬಗ್ಗಿದಾಗ ಯಾರಾದ್ರೂ ಮಶೀನು ಶುರು ಮಾಡಿದ್ರೆ ಏನಾಗ್ತಿತ್ತು ಅಂತ ಕೇಳ್ತಿದಾರೆ.”

“ಈ ಕಣ್ಣಿತ್ತಲ್ಲ” ಎಂದೆ.

“ಆ ಕಣ್ಣನ್ನೇ ಮುಚ್ಚಿದ್ಯಲ್ಲ ಅಜ್ಜಿ.”

ಕಣ್ಣು ಮುಚ್ಚಿದರೆ ಮಶೀನು ತಾನಾಗಿ ನಿಲ್ಲುವ ಹಾಗೆ ಮಾಡಿಟ್ಟಿದ್ದರು, ಅದು ನನ್ನ ಪುಣ್ಯ. ಒರೆಸಿದರೆ ಸಾಲದು, ತಿಳಿದವರು ಬಂದು ಪರೀಕ್ಷೆ ಮಾಡಬೇಕು. ಅವರು ಬರುವವರೆಗೆ ಕೆಲಸ ನಿಂತಿತು. ಕುಂಕುಮ ಬಿದ್ದಿರಬಹುದೆಂದು ಹತ್ತಿರವಿದ್ದ ಚೀಲಗಳನ್ನೂ ಬದಿಗಿಟ್ಟರು. ಹೊರಗೆ ಲಾರಿಗಳು ಸಾಲುಗಟ್ಟಿದವು. ಬೂಟು ಕಳಚಲು ಯೆನ್ಸ್ ಮತ್ತೆ ಮಂಡಿಯೂರಿದರು. ಈ ಸಲ ಹರಸಲು ಕೈ ಮೇಲೇಳಲಿಲ್ಲ.

ಸಿಂಚನಳ ಅಡುಗೆಮನೆ

ಸಂಜೆ ಅವಳು ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ಕೂತಳು. ನಡೆದದ್ದನ್ನು ಬರೆದು ಕೊಡಬೇಕಂತೆ.

“ಬರೀಲೇಬೇಕಾ? ಯಾರಿಗೂ ಏನೂ ಆಗ್ಲಿಲ್ವಲ್ಲ ಪುಟ್ಟಿ.”

“ಏನೂ ಆಗದೇ ಇದ್ದಾಗ್ಲೇ ಬರೀಬೇಕು ಅಜ್ಜಿ. ಆದ್ಮೇಲೆ ಬರೆದು ಏನ್ ಮಾಡೋದು?”

“ಹಾಗಾದ್ರೆ ಮುದುಕಿ ಕದ್ದು ತಂದಿದ್ಲು ಅಂತ ಬರಿ. ನನಗೇನು, ಅಲ್ಲಿ ಕೆಲಸ ಹೋಗುತ್ತಾ?”

“ಕದ್ದು ತರ್ಲಿಲ್ವಲ್ಲ. ನಾನು ನೋಡ್ದೆ. ನೋಡಿ ಸುಮ್ಮನಾದೆ.”

“ಅದೊಂದು ಬಿಟ್ಬಿಡು. ಬೆಟ್ಟದ ಕೆಲಸ ಕೈ ತಪ್ಪುತ್ತೆ.”

ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರಿತ್ತು. “ಬರೆಯೋಕೆ ಇರೋದೇ ಅದೊಂದು ಅಜ್ಜಿ. ಉಳಿದಿದ್ದನ್ನ ಎಲ್ರೂ ನೋಡಿದಾರೆ.”

ಬರೆದಳು. ನಾನು ಅನ್ನಕ್ಕಿಟ್ಟೆ. ಆ ದಿನ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಬೇಗ ಬಂದಳು. ನನಗೆ ಬೇಕಾದ ಹಾಗೆ ಗಟ್ಟಿ ಡಿಕಾಕ್ಷನ್ ಹಾಕಿ ಕಾಫಿ ಮಾಡಿ ಮುಂದಿಟ್ಟಳು. ಆಗಲೇ ನನಗೆ ಗೊತ್ತಾಯಿತು.

“ಬೆಟ್ಟಕ್ಕೆ ಯೆನ್ಸ್ ಹೋಗ್ತಾರೆ” ಎಂದಳು.

“ಕಂಪನಿಯವರು ಬೈದ್ರಾ ನಿಂಗೆ?”

“ಇಲ್ಲ. ಬರೆದಿದ್ದು ಒಳ್ಳೇದಾಯ್ತು ಅಂದ್ರು. ಒಂದೇ ಮಾತು ಕೇಳಿದ್ರು. ನಿಮ್ಮ ಅಜ್ಜಿಗೆ ಬೇಡ ಅನ್ನೋಕೆ ಆಗ್ಲಿಲ್ಲ. ಅಲ್ಲಿ ಇರೋರೆಲ್ಲ ನಿಮಗೆ ಮಾವ, ದೊಡ್ಡಪ್ಪ, ಅತ್ತೆ. ಅವರಿಗೆ ಬೇಡ ಅನ್ನೋಕೆ ಆಗುತ್ತಾ ಅಂತ.”

“ಆಗುತ್ತೆ ಅನ್ಬೇಕಿತ್ತು ಮಾರಾಯ್ತಿ.”

“ಗೊತ್ತಿಲ್ಲ ಅಂದೆ.”

ಕಾಫಿ ತುಂಬ ಚೆನ್ನಾಗಿತ್ತು. ಇಡೀ ಪ್ರವಾಸದಲ್ಲಿ ಅಷ್ಟು ಒಳ್ಳೆಯ ಕಾಫಿ ಕುಡಿದಿರಲಿಲ್ಲ. ಆದರೂ ಅರ್ಧ ಲೋಟ ಹಾಗೇ ಬಿಟ್ಟೆ. ಯೆನ್ಸ್ ಬಗ್ಗೆ ಕೆಟ್ಟ ಮಾತಾಡಲೂ ನನಗಾಗಲಿಲ್ಲ. ಅವರು ನನ್ನ ಕಾಲಿನ ದಾರ ಕಟ್ಟಿದವರು. ಉಳಿದ ದಿನ ಸಿಂಚನ ನನ್ನನ್ನು ಹೊಳೆ, ಹಡಗು, ತೋಟ, ಎಲ್ಲ ಕಡೆ ಕರೆದುಕೊಂಡು ಹೋದಳು. ನಾನು ನೋಡಿದ್ದು ಅವಳ ಮುಖವನ್ನು ಮಾತ್ರ. ನಿಲ್ದಾಣದಲ್ಲಿ ಬೀಳ್ಕೊಡುವಾಗ ಡಬ್ಬಿ ನನ್ನ ಬ್ಯಾಗಿನಲ್ಲಿತ್ತು. ಅವಳ ಹಣೆಗಿಡಲು ಕೈ ಬರಲಿಲ್ಲ. ಅವಳೇ ಕೇಳಿ ಇಡಿಸಿಕೊಂಡಳು.

ಕಣ

ಕೊಯ್ಲಿಗೆ ಯೆನ್ಸ್ ಬಂದರು. ಜೀಪಿನ ಸದ್ದಿಗೆ ನಾನು ಅಂಗಳಕ್ಕೆ ಓಡಿದೆ. ಬರುವವರು ಯಾರೆಂದು ಗೊತ್ತಿದ್ದೂ, ಜೀಪಿನ ಹಿಂಬಾಗಿಲ ಕಡೆ ಕಣ್ಣು ಹೋಯಿತು. ಅವರೊಬ್ಬರೇ ಇಳಿದರು, ಜೊತೆಗೆ ಅವರ ಮಾತನ್ನು ಕನ್ನಡದಲ್ಲಿ ಹೇಳಲು ಆಫೀಸಿನ ಒಬ್ಬ ಮೇಡಂ.

ಕಣದಲ್ಲಿ ಏಣಿಗಳನ್ನು ಸಾಲಾಗಿ ಮಲಗಿಸಿದ್ದೆವು. ಯೆನ್ಸ್ ಕೊಯ್ಯುವವರನ್ನು ಸುತ್ತ ಕೂರಿಸಿ ಕೇಳಿದರು, ಬೀಳುವ ಹಾಗಾಗಿ ತಪ್ಪಿದ್ದುಂಟಾ ಎಂದು.

“ಇಲ್ಲ ಸರ್. ಎಲ್ಲ ಚೆನ್ನಾಗಿದೆ ಸರ್.” ಎಲ್ಲರದೂ ಒಂದೇ ಉತ್ತರ. ಬಂದವರಿಗೆ ಹಾಗೆ ಹೇಳುವುದು ನಮಗೆ ರೂಢಿ.

ನಾನು ಎದ್ದು ನಿಂತು ನನ್ನ ಕಥೆ ಹೇಳಿದೆ. ಡಬ್ಬಿ, ಗೆರೆ, ಕಣ್ಣು, ಒಂದೂ ಬಿಡದೆ. ಕುಕ್ಕರಿನ ಮುಚ್ಚಳ ಎಂದಾಗ ಕಣವೆಲ್ಲ ನಗು. ಸಿಂಚನ ಬರಬೇಕಿತ್ತು, ನನ್ನಿಂದ ತಪ್ಪಿತು ಎಂದಾಗ ನಗು ನಿಂತಿತು.

ಸ್ವಲ್ಪ ಹೊತ್ತಿಗೆ ಚಂದ್ರಣ್ಣ ಬಾಯಿಬಿಟ್ಟ. “ನಾನು ಬೀಳೋಕೆ ಮುಂಚೆ ಅದೇ ಏಣಿ ಜಾರಿತ್ತು. ಒಂದ್ಸಲ ಅಲ್ಲ, ಆಗಾಗ. ಬುಡ ಸವೆದು ಹೋಗಿತ್ತು.”

“ಹೇಳ್ಲಿಲ್ವಲ್ಲೋ ಮಾರಾಯ” ಎಂದೆ.

“ಬಿದ್ದಿರ್ಲಿಲ್ವಲ್ಲ ಅಮ್ಮ. ಏನಂತ ಹೇಳೋದು?”

ಸಿಂಚನ ಚಿಕ್ಕಂದಿನಿಂದ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಕಣದಲ್ಲೇ ಕೂತು ಕೋಳಿ ಓಡಿಸುತ್ತಿತ್ತು. ಕೇಳಿಸಿಕೊಳ್ಳಲು ಅವಳು ಅಲ್ಲಿರಲಿಲ್ಲ. ಯೆನ್ಸ್ ಮಂಡಿಯೂರಿ ಒಂದೊಂದೇ ಏಣಿಯ ಬುಡ ತಿರುಗಿಸಿ ನೋಡತೊಡಗಿದರು. ಆಮೇಲೆ ಇನ್ನೊಬ್ಬ ತನ್ನದು ಹೇಳಿದ, ಮತ್ತೊಬ್ಬ ತನ್ನದು.

ಅಂದೇ ಅವಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಚಂದ್ರಣ್ಣನ ಮಾತನ್ನು ಅವಳು ಎರಡು ಸಲ ಹೇಳಿಸಿಕೊಂಡಳು.

“ಏಣಿಗೆ ಬೊಟ್ಟು ಇಟ್ಯಾ ಅಜ್ಜಿ?” ಎಂದಳು ಕೊನೆಗೆ.

“ಇಟ್ಟೆ.”

“ಎಲ್ಲಿ?”

“ಪಕ್ಕದ ಕೋಲಿಗೆ. ಹತ್ತೋ ಮೆಟ್ಟಿಲಿಗೆ ಇಡ್ಲಿಲ್ಲ, ಕಾಲು ಜಾರುತ್ತೆ ಅಂತ.”

ನಕ್ಕಳು. ನಾನೂ ನಕ್ಕೆ. ಈ ಬುದ್ಧಿ ಆ ದಿನ ಯಾಕೆ ಬರಲಿಲ್ಲ ಅಜ್ಜಿ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಭಾನುವಾರ ಏನು ಅಡುಗೆ ಎಂದು ಕೇಳಿದಳು. ಕಡುಬು ಎಂದೆ.